ಕರಪತ್ರದ ಫೋಟೋದಲ್ಲಿ ಬಗಲುಗೋಲು ಇರಬೇಕಾ, ಬೇಡವಾ?

ಗಂಗಾವಳಿ ದಂಡೆ (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ. ಅಂಗಡಿಯಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ, ಹಾಗಾಗಿ ಬರೆಯಲು ಪುರುಸೊತ್ತಿದೆ.

ನನಗೆ 47 ವರ್ಷ. ಎರಡು ವರ್ಷದವನಿದ್ದಾಗ ಪೋಲಿಯೊ ಆಗಿ ಬಲಗಾಲು ಸೊರಗಿತು. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್, ಕಂಕುಳಲ್ಲಿ ಬಗಲುಗೋಲು, ಓಡಾಡಲು ಹಿಂದೆ ಎರಡು ಚಕ್ರ ಜಾಸ್ತಿ ಹಾಕಿಸಿದ ಸ್ಕೂಟರ್. ಬಸ್ ಸ್ಟಾಪಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟು ಹದಿನೆಂಟು ವರ್ಷ ಆಯಿತು. ಪಹಣಿ ತೆಗೆದುಕೊಡುವುದು, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಪಿಂಚಣಿ ಅರ್ಜಿ ತುಂಬುವುದು, ಎಲ್ಲ ನಮ್ಮಲ್ಲೇ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ನಮ್ಮ ಕಡೆಯವರ ಅರ್ಜಿಗಳನ್ನು ರಾತ್ರಿ ಹನ್ನೊಂದರವರೆಗೆ ಕುಳಿತು ತುಂಬಿದ್ದೇನೆ. ಆಗಿನಿಂದ ಜನರಿಗೆ ನನ್ನ ಮೇಲೆ ಸ್ವಲ್ಪ ಪ್ರೀತಿ ಹೆಚ್ಚಾಗಿದೆ.

ಈಗ ಗ್ರಾಮ ಪಂಚಾಯ್ತಿ ಚುನಾವಣೆ ಬರುತ್ತದೆ ಅಂತ ಊರಲ್ಲಿ ಗುಸುಗುಸು ಶುರುವಾಗಿದೆ. ನಾಲ್ಕು ಜನ ಬಂದು "ಈ ಸಲ ನೀನು ನಿಲ್ಲು" ಅಂದರು. ನನಗೆ "ನಿಲ್ಲು" ಅಂದದ್ದಕ್ಕೆ ಅವರೇ ನಕ್ಕರು. ನಾನೂ ನಕ್ಕೆ. ಹೆಂಡತಿಗೆ ಕೇಳಿದರೆ "ನಿಮ್ಮಿಷ್ಟ, ಅಂಗಡಿ ಬಾಗಿಲು ಮಾತ್ರ ಹಾಕಬೇಡಿ" ಅಂದಳು. ಸರಿ, ನಿಲ್ಲುವುದು ಅಂತ ಆಯಿತು.

ಜಗಳ ಶುರುವಾಗಿದ್ದು ಫೋಟೋದಿಂದ.

ನಮ್ಮ ಕೇರಿಯಲ್ಲಿ ಒಬ್ಬ ದೊಡ್ಡಣ್ಣ ಇದ್ದಾರೆ. ಮೂರು ಚುನಾವಣೆ ಮಾಡಿಸಿದವರು. ಅವರ ಮಾತು ಹೀಗೆ. "ಎದೆಯಿಂದ ಮೇಲೆ ಮಾತ್ರ ಫೋಟೋ ಹಾಕು ತಮ್ಮಾ. ಊರವರಿಗೆ ಹೇಗೂ ಗೊತ್ತು. ಆಚೆ ಕೊಪ್ಪದವರಿಗೆ, ಹೊಸದಾಗಿ ಮನೆ ಕಟ್ಟಿ ಬಂದವರಿಗೆ ಎಂತಕ್ಕೆ ತೋರಿಸೂದು? ನಿನ್ನ ಕೋಲು ನೋಡಿದ ಕೂಡಲೇ ಇವ ಎಲ್ಲಿ ಓಡಾಡ್ತಾ ಅಂತ ಕೇಳ್ತರು." ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದೆಸಿ ಒಂದು ಫೋಟೋ ತೆಗೆಸಿಯೂ ಆಯಿತು. ಮದುವೆಗೆ ಹೊರಟ ಮಾವನ ಹಾಗೆ ಕಾಣುತ್ತೇನೆ.

ಅಳಿಯನದ್ದು, ಅಂದರೆ ಅಕ್ಕನ ಮಗನದ್ದು, ಉಲ್ಟಾ. ಅವನು ಬೆಂಗಳೂರಿನಲ್ಲಿ ವಿಡಿಯೋ ಎಡಿಟಿಂಗ್ ಕಲಿತು ಬಂದಿದ್ದಾನೆ. "ಮಾವ, ಪೂರ್ತಿ ಫೋಟೋ ಬೇಕು. ಸಮುದ್ರದ ಎದುರು ಕೋಲು ಹಿಡಿದು ನಿಂತಿರಬೇಕು. ಹಿಂದೆ ಸೂರ್ಯ." ಕೆಳಗೆ ಹಾಕಲು ಒಂದು ಸಾಲನ್ನೂ ಬರೆದು ತಂದಿದ್ದಾನೆ. "ಕಾಲು ಕುಂಟಿರಬಹುದು, ಛಲ ಕುಂಟಿಲ್ಲ." ಓದಿದ ಕೂಡಲೇ ನನಗೆ ಮೈಯೆಲ್ಲ ಮುಳ್ಳೆದ್ದಿತು. ನನಗೆ ಅಂಥ ಛಲ ಏನಿಲ್ಲ. ಮಧ್ಯಾಹ್ನ ಊಟ ಮಾಡಿ ಅರ್ಧ ಗಂಟೆ ಮಲಗುವವ ನಾನು.

ಎರಡೂ ಬೇಡ ಅನಿಸುತ್ತಿದೆ. ಆದರೆ ಮೂರನೆಯದು ಯಾವುದು ಅಂತ ತಿಳಿಯುತ್ತಿಲ್ಲ. ದೊಡ್ಡ ದೊಡ್ಡ ರಾಜಕಾರಣಿಗಳು ತಮ್ಮ ಕಾಯಿಲೆ, ಕುಂಟು, ಕುರುಡನ್ನೆಲ್ಲ ಏನು ಮಾಡಿದ್ದರು? ಮುಚ್ಚಿಟ್ಟವರಿಗೆ ಲಾಭವಾಯಿತಾ, ತೋರಿಸಿದವರಿಗಾ? ಓದಿಕೊಂಡವರು ಇದ್ದರೆ ಹೇಳಿ.

ಸದಾಶಿವಗಡ

ತಮ್ಮಾ, ಮೊದಲಿಗೆ ಶುಭವಾಗಲಿ. ನಾನು ಕಾರವಾರದವ. ರಿಟೈರ್ ಆಗುವವರೆಗೆ ದಿನಾ ರೈಲಿನಲ್ಲಿ ಮಡಗಾಂವಿಗೆ ಹೋಗಿ ಬಂದವ. ಅದಕ್ಕೇ ನನಗೆ ಬೆಂಗಳೂರಿನ ರಾಜಕೀಯಕ್ಕಿಂತ ಗೋವಾದ್ದು ಜಾಸ್ತಿ ಗೊತ್ತು.

ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರೀಕರ್ 2018ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದರು. ಏನಾಗಿದೆ ಅಂತ ಸರಿಯಾಗಿ ಯಾರೂ ಹೇಳಲಿಲ್ಲ. ಮುಂಬೈ ಆಯಿತು, ಅಮೆರಿಕ ಆಯಿತು, ದೆಹಲಿಯ ಏಮ್ಸ್ ಆಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಗೋವಾ ಸರ್ಕಾರದ ಬಾಯಿಂದ ಬರುವಷ್ಟರಲ್ಲಿ ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದಿತ್ತು. ಆ ಎಂಟು ತಿಂಗಳು ನಮ್ಮ ರೈಲಿನ ಡಬ್ಬಿಯಲ್ಲಿ ಅವರು ಎಷ್ಟು ಸಲ ಸತ್ತರು ಅಂತ ಲೆಕ್ಕ ಇಟ್ಟವರಿಲ್ಲ. ಲೋಲಿಯೆ ಸ್ಟೇಷನ್ನಿನಲ್ಲಿ ಹತ್ತಿದವ ಒಂದು ಸುದ್ದಿ ತರುತ್ತಿದ್ದ, ಕಾಣಕೋಣದಲ್ಲಿ ಹತ್ತಿದವ ಇನ್ನೊಂದು. ವಿವರ ಬಹಿರಂಗ ಮಾಡಿ ಅಂತ ಹೈಕೋರ್ಟಿಗೂ ಅರ್ಜಿ ಹೋಯಿತು. ಪೂರ್ಣಾವಧಿ ಮುಖ್ಯಮಂತ್ರಿ ಬೇಕು ಅಂತ ಜನ ಅವರ ಮನೆಗೇ ಮೆರವಣಿಗೆ ಹೋದರು.

ಆಮೇಲೆ ಡಿಸೆಂಬರಿನಲ್ಲಿ ಅವರು ಮೂಗಿಗೆ ನಳಿಗೆ ಹಾಕಿಕೊಂಡೇ ಮಾಂಡವಿ ಸೇತುವೆ ನೋಡಲು ಬಂದರು. ಜನವರಿ ಕೊನೆಗೆ ಅದೇ ನಳಿಗೆಯಲ್ಲಿ ಬಜೆಟ್ ಮಂಡಿಸಿದರು. ಆ ಫೋಟೋ ಬಂದ ದಿನ ನಮ್ಮ ಡಬ್ಬಿ ಎರಡು ಭಾಗ ಆಯಿತು. ಅರ್ಧ ಜನ "ಗಂಡಸು ಅಂದ್ರೆ ಹೀಗಿರಬೇಕು" ಅಂದರು. ಇನ್ನರ್ಧ "ಪಾಪ, ಮನೆಯಲ್ಲಿ ಮಲಗಲಿಕ್ಕೂ ಬಿಡೂದಿಲ್ಲವಾ ಇವರು" ಅಂದರು. ಒಂದು ಮಾತ್ರ ನಿಜ. ಅವತ್ತಿನಿಂದ ಗಾಳಿಸುದ್ದಿ ಕಡಿಮೆಯಾಯಿತು. ಕಣ್ಣಾರೆ ಕಂಡದ್ದರ ಮೇಲೆ ಏನು ಕಥೆ ಕಟ್ಟುತ್ತಾರೆ? ಅವರು ತೀರಿಕೊಂಡದ್ದು 2019ರ ಮಾರ್ಚ್ 17ಕ್ಕೆ.

ಅದೇ ವರ್ಷ ಜನವರಿಯಲ್ಲಿ ಜಾರ್ಜ್ ಫರ್ನಾಂಡಿಸ್ ಹೋಗಿದ್ದರು. ರೈಲ್ವೆ ಮಂತ್ರಿಯಾಗಿದ್ದಾಗ ನಾವು ಕೂತು ಹೋಗುವ ಆ ಕೊಂಕಣ ರೈಲು ಆಗಲು ಕಾರಣರಾದ ಮನುಷ್ಯ. 2009ರಲ್ಲಿ ಆರೋಗ್ಯ ಸರಿಯಿಲ್ಲ ಅಂತ ಪಕ್ಷವೇ ಟಿಕೆಟ್ ಕೊಡದಿದ್ದಾಗ ಮುಜಫ್ಫರಪುರದಲ್ಲಿ ಪಕ್ಷೇತರರಾಗಿ ನಿಂತು ಸೋತರು. ಆಮೇಲೆ ರಾಜ್ಯಸಭೆಗೂ ಹೋದರು. ಅಲ್ಝೈಮರ್ ಅನ್ನುವುದು ಊರಿಗೆಲ್ಲ ಗೊತ್ತಾಗಿದ್ದು ಮನೆಯವರು ಕೋರ್ಟಿಗೆ ಹೋದ ಮೇಲೆ. ಅದು ನನಗೆ ಇವತ್ತಿಗೂ ಬೇಜಾರು.

ನನ್ನ ಸಲಹೆ: ಕೋಲು ಹಾಕು. ಸೂರ್ಯ ಬೇಡ.

ಹಳೇ ವರದಿಗಾರ (ಕುಮಟಾ)

ಪತ್ರಿಕೆಗಳಿಗೆ ಸುದ್ದಿ, ಫೋಟೋ ಎರಡೂ ಕಳಿಸಿಕೊಂಡು 22 ವರ್ಷ ಕಳೆದವ ನಾನು. ನಿಮ್ಮ ದೊಡ್ಡಣ್ಣನ ಐಡಿಯಾ ಹೊಸದಲ್ಲ. ನೂರು ವರ್ಷ ಹಳೆಯದು.

ಅಮೆರಿಕದ ರೂಸ್‌ವೆಲ್ಟ್‌ಗೆ 1921ರಲ್ಲಿ, 39ನೇ ವಯಸ್ಸಿಗೆ ಪೋಲಿಯೊ ಬಂತು. ನಿಮ್ಮದೇ ಕಾಯಿಲೆ. ಆಮೇಲೆ ನಾಲ್ಕು ಸಲ ಅಧ್ಯಕ್ಷರಾಗಿ ಗೆದ್ದರು. ಸೊಂಟದಿಂದ ಕೆಳಗೆ ಬಲವಿಲ್ಲ. ಎರಡೂ ಕಾಲಿಗೆ ಉಕ್ಕಿನ ಕ್ಯಾಲಿಪರ್. ಮೊಣಕಾಲಿನ ಹತ್ತಿರ ಅದನ್ನು ಲಾಕ್ ಮಾಡಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮಗನ ತೋಳಿನಲ್ಲಿ. ಸೊಂಟ ತಿರುಗಿಸಿ ತಿರುಗಿಸಿ ನಾಲ್ಕು ಹೆಜ್ಜೆ. ನೋಡಿದವರಿಗೆ ಅಪ್ಪ ಮಗ ಹರಟೆ ಹೊಡೆಯುತ್ತಾ ಬರುವ ಹಾಗೆ ಕಾಣಬೇಕು. ಕಾರಿನಿಂದ ಎತ್ತಿ ಇಳಿಸುವಾಗ, ವೀಲ್‌ಚೇರಿನಲ್ಲಿರುವಾಗ ಫೋಟೋ ತೆಗೆಯುವ ಹಾಗಿರಲಿಲ್ಲ. ಯಾರಾದರೂ ತೆಗೆಯಲು ಹೋದರೆ ಕಾವಲಿನವರು ಅಡ್ಡ ಬರುತ್ತಿದ್ದರು.

ಆದರೆ ಒಂದು ತಪ್ಪು ಕಲ್ಪನೆ ಇದೆ. ಜನರಿಗೆ ಪೋಲಿಯೊ ವಿಷಯವೇ ಗೊತ್ತಿರಲಿಲ್ಲ ಅಂತ ತುಂಬಾ ಜನ ಬರೆಯುತ್ತಾರೆ. ಗೊತ್ತಿತ್ತು. ಅವರ ಹುಟ್ಟುಹಬ್ಬದ ಹೆಸರಿನಲ್ಲೇ ಪೋಲಿಯೊ ಮಕ್ಕಳಿಗಾಗಿ ದುಡ್ಡು ಎತ್ತುತ್ತಿದ್ದರು. ಮುಚ್ಚಿಟ್ಟದ್ದು ಕಾಯಿಲೆಯನ್ನಲ್ಲ, ಇನ್ನೊಬ್ಬರು ಎತ್ತಬೇಕಾಗುತ್ತದೆ ಅನ್ನುವುದನ್ನು. ಕೊನೆಗೆ 1945ರ ಮಾರ್ಚ್ 1ಕ್ಕೆ ಸಂಸತ್ತಿನಲ್ಲಿ ಕುಳಿತೇ ಭಾಷಣ ಮಾಡಿದರು. ಕಾಲಿನ ಸುತ್ತ ಹತ್ತು ಪೌಂಡ್ ಉಕ್ಕು ಹೊತ್ತುಕೊಂಡಿರುವುದಕ್ಕಿಂತ ಕುಳಿತರೆ ಸುಲಭ, ಕ್ಷಮಿಸಿ ಅಂತ ತಾವೇ ಹೇಳಿದರು. ಆರು ವಾರಕ್ಕೆ ತೀರಿಕೊಂಡರು. ವಾಷಿಂಗ್ಟನ್‌ನಲ್ಲಿ 1997ರಲ್ಲಿ ಅವರ ಸ್ಮಾರಕ ಮಾಡಿದಾಗಲೂ ದೊಡ್ಡ ಪ್ರತಿಮೆಯ ಮೇಲೆ ನಿಲುವಂಗಿ ಹೊದೆಸಿ ಕುರ್ಚಿ ಮುಚ್ಚಿದ್ದರು. ನಿಮ್ಮ ಶಾಲಿನ ಹಾಗೆಯೇ ಅನ್ನಿ. ಅಂಗವಿಕಲರ ಸಂಘಗಳು ಗಲಾಟೆ ಮಾಡಿದ ಮೇಲೆ 2001ರಲ್ಲಿ ವೀಲ್‌ಚೇರಿನಲ್ಲಿ ಕುಳಿತ ಇನ್ನೊಂದು ಪ್ರತಿಮೆ ಬಂತು.

ನಮ್ಮಲ್ಲೂ ಹಾಗೆಯೇ. 2025ರ ಮಾರ್ಚಿನಲ್ಲಿ ಸಿದ್ದರಾಮಯ್ಯನವರು ಮೊಣಕಾಲು ನೋವಿನಿಂದ ಬಜೆಟ್ಟನ್ನು ಕುಳಿತು ಓದಿದರು. ಆಕಾಶ ಏನೂ ಬೀಳಲಿಲ್ಲ. ಆದರೆ 2023ರ ಆಗಸ್ಟಿನಲ್ಲಿ ಮನಮೋಹನ್ ಸಿಂಗ್ 90ನೇ ವಯಸ್ಸಿಗೆ ವೀಲ್‌ಚೇರಿನಲ್ಲಿ ರಾಜ್ಯಸಭೆಗೆ ಬಂದಾಗ ನೋಡಿ. ಒಂದೇ ಫೋಟೋ. ಅವರ ಪಕ್ಷ ಕರ್ತವ್ಯನಿಷ್ಠೆ ಅಂದಿತು, ಎದುರು ಪಕ್ಷ ಇಷ್ಟು ವಯಸ್ಸಾದವರನ್ನು ರಾತ್ರಿ ಕರೆತಂದು ಕೂರಿಸಿದ್ದು ನಾಚಿಕೆಗೇಡು ಅಂದಿತು. ಮರುವರ್ಷ ಅವರು ರಾಜ್ಯಸಭೆ ಬಿಡುವಾಗ ಅದೇ ವೀಲ್‌ಚೇರಿನ ವಿಷಯ ಎತ್ತಿ ಪ್ರಧಾನಿಯೇ ಹೊಗಳಿದರು.

ಒಂದು ನನ್ನ ಕಥೆ. ಹೆಸರು ಬೇಡ, ಊರೂ ಬೇಡ. ಒಬ್ಬ ದೊಡ್ಡ ನಾಯಕರು ನಮ್ಮ ಕರಾವಳಿಗೆ ಸಭೆಗೆ ಬಂದಿದ್ದರು. ಸ್ಟೇಜಿಗೆ ಏಳು ಮೆಟ್ಟಿಲು. ಅವರಿಗೆ ಹತ್ತಲಾಗುತ್ತಿರಲಿಲ್ಲ. ಹಿಂದಿನಿಂದ ಪರದೆ ಕಟ್ಟಿ ಇಬ್ಬರು ಎತ್ತಿ ಕೂರಿಸಿದರು. ನಾನು ಪರದೆಯ ಪಕ್ಕದಲ್ಲೇ ಇದ್ದೆ. ಕ್ಯಾಮೆರಾ ಎತ್ತಿದೆ. ಅವರು ನನ್ನ ಕಡೆ ನೋಡಿದರು. ಬೈಯಲಿಲ್ಲ, ಕೈ ಮುಗಿದರು. ಕ್ಯಾಮೆರಾ ಇಳಿಸಿದೆ. ಮರುದಿನ ಪತ್ರಿಕೆಯಲ್ಲಿ ಅವರು ಮೈಕಿನ ಎದುರು ಕೈ ಬೀಸುವ ಫೋಟೋ. ನನ್ನದೇ. ಸರಿ ಮಾಡಿದೆನಾ, ತಪ್ಪು ಮಾಡಿದೆನಾ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಬೈತಖೋಲ ಹುಡುಗ

ಎಲ್ಲರೂ ಅಣ್ಣನ ಮೇಲೆ ಪ್ರೀತಿಯಿಂದ ಬರೆದಿದ್ದೀರಿ. ನಾನು ಸ್ವಲ್ಪ ಕಹಿಯಾಗಿ ಹೇಳುತ್ತೇನೆ, ಬೇಜಾರಾಗಬೇಡಿ ಅಣ್ಣ.

ನಮ್ಮ ಮನೆಯವರು ಬೋಟಿನವರು. ಬೋಟು ನಡೆಸುವ ತಾಂಡೇಲನಿಗೆ ಕಣ್ಣು ಮಂಜಾಗಿದ್ದರೆ ಆ ಬೋಟು ಯಾರೂ ಹತ್ತುವುದಿಲ್ಲ. ಅವನು ಎಷ್ಟೇ ಒಳ್ಳೆಯವನಾಗಿರಲಿ. ಹೇಳದೆ ಮುಚ್ಚಿಟ್ಟು ಕರೆದುಕೊಂಡು ಹೋದರೆ ಅದು ಮೋಸ. ರಾಜಕಾರಣಿಗೆ ಬೇರೆ ನ್ಯಾಯ ಯಾಕೆ? ಎಂಎಲ್‌ಎ, ಎಂಪಿಗೆ ನಿಲ್ಲುವವರು ಅಫಿಡವಿಟ್ಟಿನಲ್ಲಿ ಕೇಸು ಬರೆಯಬೇಕು, ಆಸ್ತಿ, ಸಾಲ, ಓದು ಎಲ್ಲ ಬರೆಯಬೇಕು. ಆರೋಗ್ಯದ ಬಗ್ಗೆ ಒಂದು ಗೆರೆಯೂ ಇಲ್ಲ. ಹೆಂಡತಿಯ ಮೈಮೇಲಿನ ಬಂಗಾರ ಎಷ್ಟು ಗ್ರಾಂ ಅಂತ ಗೊತ್ತಾಗುತ್ತದೆ, ಗಂಡನ ಹಾರ್ಟ್ ಹೇಗಿದೆ ಅಂತ ಗೊತ್ತಾಗುವುದಿಲ್ಲ!

ಬೈಡನ್ ಕಥೆ ನೋಡಿದ್ದೇವಲ್ಲ. ಎಲ್ಲ ಸರಿಯಿದೆ ಅಂತಲೇ ಹೇಳುತ್ತಾ ಬಂದರು. 2024ರ ಜೂನ್ 27ಕ್ಕೆ ಟಿವಿ ಚರ್ಚೆಯಲ್ಲಿ ಇಡೀ ಲೋಕ ನೋಡಿತು. ತಿಂಗಳೊಳಗೆ ಕಣದಿಂದ ಹಿಂದೆ ಸರಿದರು. ಜಯಲಲಿತಾ 75 ದಿನ ಆಸ್ಪತ್ರೆಯಲ್ಲಿದ್ದರು, ಒಂದು ಫೋಟೋ ಹೊರಗೆ ಬರಲಿಲ್ಲ. ಉಪಚುನಾವಣೆಯ ಅಭ್ಯರ್ಥಿಗಳ ಕಾಗದದ ಮೇಲೆ ಸಹಿಯ ಬದಲು ಹೆಬ್ಬೆಟ್ಟು ಬಂತು. ಜನ ಎಲ್ಲವನ್ನೂ ಅನುಮಾನದಿಂದ ನೋಡುವ ಹಾಗಾಯಿತು. ವರ್ಷಾನುಗಟ್ಟಲೆ ವಿಚಾರಣಾ ಆಯೋಗ ಬೇರೆ.

ಮೆಡಿಕಲ್ ಸರ್ಟಿಫಿಕೇಟ್ ಕಡ್ಡಾಯ ಮಾಡಬೇಕು. ಬಸ್ ಡ್ರೈವರಿಗೆ ಇದೆ, ಇವರಿಗೂ ಇರಲಿ.

ಹಳೇ ವರದಿಗಾರ (ಕುಮಟಾ)

ಹುಡುಗಾ, ಸರ್ಟಿಫಿಕೇಟ್ ಕೇಳಿದರೆ ಸರ್ಟಿಫಿಕೇಟೇ ಸುಳ್ಳು ಹೇಳುತ್ತದೆ. ಫ್ರಾನ್ಸಿನ ಮಿತ್ತರಾಂ 1981ರಲ್ಲಿ ಅಧ್ಯಕ್ಷರಾದರು. ಆರು ತಿಂಗಳಿಗೊಮ್ಮೆ ನನ್ನ ಆರೋಗ್ಯದ ವರದಿ ಪ್ರಕಟ ಮಾಡುತ್ತೇನೆ ಅಂದರು. ಅದೇ ವರ್ಷ ಕ್ಯಾನ್ಸರ್ ಇರುವುದು ಗೊತ್ತಾಯಿತು. ವರದಿಗಳು ಮಾತ್ರ ತಪ್ಪದೆ ಬರುತ್ತಿದ್ದವು, ಎಲ್ಲ ಸರಿಯಿದೆ ಅಂತ. ಜನರಿಗೆ ವಿಷಯ ತಿಳಿಸಿದ್ದು 1992ರಲ್ಲಿ. ಹನ್ನೊಂದು ವರ್ಷ! ಅವರು ಸತ್ತ ಮೇಲೆ ಅವರ ಡಾಕ್ಟರೇ ಪುಸ್ತಕ ಬರೆದರೆ ಆ ಪುಸ್ತಕವನ್ನು ಕೋರ್ಟ್ ತಡೆಯಿತು.

ಇನ್ನು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂಜಿಆರ್. 1984ರ ಚುನಾವಣೆ ಹೊತ್ತಿಗೆ ಅವರು ಅಮೆರಿಕದ ಆಸ್ಪತ್ರೆಯಲ್ಲಿ. ಊರಿಗೆ ಬರಲೇ ಇಲ್ಲ. ಹಾಸಿಗೆ ಮೇಲಿನ ಅವರ ವಿಡಿಯೋವನ್ನು ತಮಿಳುನಾಡಿನ ಊರೂರಲ್ಲಿ ತೋರಿಸಿದರು. ಅಲ್ಲಿಂದಲೇ ಗೆದ್ದರು. ನೀನು ಹೇಳುವ ಹಾಗೆ ಜನರಿಗೆ ಗೊತ್ತಾದರೆ ವೋಟು ಕಡಿಮೆಯಾಗುತ್ತದೆ ಅಂತೇನಿಲ್ಲ. ಕೆಲವು ಸಲ ಹಾಸಿಗೆಯೇ ದೊಡ್ಡ ಸ್ಟೇಜು.

ಅಡಕೆ ಚಪ್ಪರ (ಶಿರಸಿ)

ನಾನು ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ನೆ ಹೋಗುವವಳು. ಇವತ್ತು ಬರೆಯಲೇಬೇಕು ಅನಿಸಿತು.

ನಮ್ಮ ಮಾವನವರು ಊರಿನ ಒಂದು ಸೊಸೈಟಿಗೆ ತುಂಬಾ ವರ್ಷ ಅಧ್ಯಕ್ಷರಾಗಿದ್ದರು. ಅಡಕೆ, ಕಾಳುಮೆಣಸು, ಬೆಳೆಸಾಲ, ಎಲ್ಲ ಅವರ ತಲೆಯಲ್ಲೇ. ಒಂದು ಮಳೆಗಾಲದಲ್ಲಿ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಹೆಸರು, ಆಮೇಲೆ ಸಾಲದ ಲೆಕ್ಕ. ನಾವು ಮನೆಯವರು ಯಾರಿಗೂ ಹೇಳಲಿಲ್ಲ. ಅತ್ತೆಯವರು "ಅವರ ಮರ್ಯಾದೆ ಹೋಗ್ತು" ಅಂದರು. ಒಂದೂವರೆ ವರ್ಷ ಹೀಗೇ ನಡೆಯಿತು. ಸೊಸೈಟಿಯಿಂದ ಹುಡುಗ ಫೈಲು ತಂದರೆ ನಾನೇ ಓದಿ, ಇಲ್ಲಿ ಸಹಿ ಮಾಡಿ ಮಾವಯ್ಯ ಅನ್ನುತ್ತಿದ್ದೆ. ಅವರು ಮಾಡುತ್ತಿದ್ದರು. ಅಂದರೆ ಒಂದೂವರೆ ವರ್ಷ ಆ ಸೊಸೈಟಿಯ ಅಧ್ಯಕ್ಷೆ ನಾನು. ಯಾರೂ ನನ್ನನ್ನು ಆರಿಸಿರಲಿಲ್ಲ. ಒಂದು ಸಾಲದ ಫೈಲಿನಲ್ಲಿ ನನಗೆ ಗೊತ್ತಾಗದೆ ತಪ್ಪೂ ಆಯಿತು. ಒಂದು ಬಡ ಸಂಸಾರಕ್ಕೆ ಅದರಿಂದ ತೊಂದರೆಯಾಯಿತು. ಇದನ್ನು ನಾನು ಎಲ್ಲೂ ಹೇಳಿರಲಿಲ್ಲ.

ಕೊನೆಗೆ ಹೊರಗೆ ಬಂದದ್ದು ಹೇಗೆ ಗೊತ್ತಾ? ಮಣಿಪಾಲಕ್ಕೆ ತೋರಿಸಲು ಹೋದೆವು. ನಮ್ಮ ಜಿಲ್ಲೆಯಲ್ಲಿ ಕಾಯಿಲೆ ಮುಚ್ಚಿಡಲು ಹೇಗೆ ಆಗುತ್ತದೆ? ಸ್ವಲ್ಪ ದೊಡ್ಡ ತೊಂದರೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಬೆಳಗಿನ ಜಾವ ಗಾಡಿ ಹೇಳಬೇಕು. ಡ್ರೈವರು ಆಸ್ಪತ್ರೆಯ ಹೊರಗೆ ಕಾದು ಕೂತಿರುತ್ತಾನೆ. ಯಾವ ವಿಭಾಗಕ್ಕೆ ಹೋದರು ಅಂತ ಸಂಜೆಯೊಳಗೆ ಊರಿಗೆ ಸುದ್ದಿ. ದೊಡ್ಡವರು ಅಮೆರಿಕಕ್ಕೆ ಹೋಗುತ್ತಾರೆ, ಅಲ್ಲಿ ನಮ್ಮೂರ ಡ್ರೈವರಿಲ್ಲ.

ಅಣ್ಣಾ, ನಿಮ್ಮ ಕಾಲಿಗೂ ನಮ್ಮ ಮಾವನವರ ಮರೆವಿಗೂ ಏನು ಸಂಬಂಧ? ಒಂದೇ ತಕ್ಕಡಿಯಲ್ಲಿ ಹಾಕಿ ತೂಗುತ್ತಿದ್ದಾರೆ ಇಲ್ಲಿ. ಕಾಲು ಸಹಿ ಮಾಡುವುದಿಲ್ಲ. ತಾಂಡೇಲನ ಕಣ್ಣಿನ ಮಾತು ಸರಿ, ಆದರೆ ತಾಂಡೇಲನಿಗೆ ಕಾಲು ಕುಂಟಾದರೆ ಬೋಟು ಮುಳುಗುತ್ತದಾ ತಮ್ಮಾ?

ಚೆನ್ನಾಗಿ ಹೇಳಿದವರೂ ಇದ್ದಾರೆ. ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವೆಯಾಗಿದ್ದಾಗ, 2016ರ ನವೆಂಬರಿನಲ್ಲಿ, ಕಿಡ್ನಿ ಕೆಲಸ ಮಾಡುತ್ತಿಲ್ಲ, ಏಮ್ಸ್‌ನಲ್ಲಿ ಡಯಾಲಿಸಿಸ್ ನಡೆಯುತ್ತಿದೆ ಅಂತ ಟ್ವಿಟರಿನಲ್ಲಿ ತಾವೇ ಬರೆದರು. ಎರಡು ಮೂರು ಸಾಲು, ಅಷ್ಟೇ. ಅಳುವೂ ಇಲ್ಲ, ಛಲವೂ ಇಲ್ಲ. ನನಗೆ ಅದು ಇಷ್ಟ.

ಹಳೇ ವರದಿಗಾರ (ಕುಮಟಾ)

ತಂಗಿ, ನೀವು ಬರೆದದ್ದು ಓದಿ ಮೈ ಜುಮ್ಮೆಂದಿತು. ಅಮೆರಿಕದ ವುಡ್ರೋ ವಿಲ್ಸನ್ ಮನೆಯಲ್ಲಿ ನಡೆದದ್ದೂ ಇದೇ. 1919ರ ಅಕ್ಟೋಬರಿನಲ್ಲಿ ಅಧ್ಯಕ್ಷರಿಗೆ ಲಕ್ವ ಹೊಡೆಯಿತು. ಯಾವ ಕಾಗದ ಗಂಡನ ಹಾಸಿಗೆಯವರೆಗೆ ಹೋಗಬೇಕು, ಯಾವುದು ಬೇಡ ಅಂತ ಹೆಂಡತಿ ಈಡಿತ್ ತೀರ್ಮಾನ ಮಾಡುತ್ತಿದ್ದರು. ಅಧ್ಯಕ್ಷರಿಗೆ ಕೆಲಸ ಮಾಡಲಾಗದಿದ್ದರೆ ಅಧಿಕಾರ ಯಾರಿಗೆ, ಹೇಗೆ ಅಂತ ಅವರ ಸಂವಿಧಾನದಲ್ಲಿ ಸ್ಪಷ್ಟ ದಾರಿ ಮಾಡಿದ್ದು 1967ರಲ್ಲಿ. ನಿಮ್ಮ ಮನೆಯದು ಒಂದೂವರೆ ವರ್ಷಕ್ಕೇ ಹೊರಗೆ ಬಂತು.

ಯಲ್ಲಾಪುರದ ಅಕ್ಕ

ನಾನು 2015ರಲ್ಲಿ ಗೆದ್ದು ಐದು ವರ್ಷ ಪಂಚಾಯ್ತಿ ಸದಸ್ಯೆಯಾಗಿದ್ದೆ. ಎರಡೂ ಕಾಲಿಲ್ಲ. ಮೊದಲ ಮೀಟಿಂಗಿನ ದಿನ ಹಾಲ್ ಮೇಲಿನ ಮಹಡಿಯಲ್ಲಿ. ಕುರ್ಚಿ ಸಮೇತ ಎತ್ತಿದರು. ಯಾರೋ ವಿಡಿಯೋ ಮಾಡಿ, ದುಃಖದ ಹಾಡು ಹಾಕಿ, ವಾಟ್ಸಾಪಿಗೆ ಬಿಟ್ಟರು. ಶಿರಸಿಯಲ್ಲಿರುವ ನನ್ನ ನಾದಿನಿಗೆ ನನಗಿಂತ ಮೊದಲು ತಲುಪಿತ್ತು. ಐದು ವರ್ಷದಲ್ಲಿ ಹಳ್ಳ ದಾಟಲು ಎರಡು ಕಾಲುಸಂಕ ಮಾಡಿಸಿದೆ, ಒಂದು ಬಾವಿ. ಅದರ ವಿಡಿಯೋ ಯಾರೂ ಮಾಡಲಿಲ್ಲ.

ಫೋಟೋಕ್ಕಿಂತ ಮುಂಚೆ ಮೆಟ್ಟಿಲು ಎಣಿಸಿಕೊಂಡು ಬಾ ತಮ್ಮಾ.

ಗಂಗಾವಳಿ ದಂಡೆ (ಅಂಕೋಲಾ)

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ.

ಅಕ್ಕಾ, ನೀವು ಹೇಳಿದ ಮೇಲೆ ನಿನ್ನೆ ಹೋಗಿ ಎಣಿಸಿದೆ. ನಮ್ಮ ಪಂಚಾಯ್ತಿ ಕಟ್ಟಡಕ್ಕೆ ಹನ್ನೊಂದು ಮೆಟ್ಟಿಲು. ರ್ಯಾಂಪ್ ಇದೆ, ಆದರೆ ಅದರ ಮೇಲೆ ನೀರಿನ ಪೈಪುಗಳನ್ನು ಪೇರಿಸಿ ಇಟ್ಟಿದ್ದಾರೆ. ಹದಿನೆಂಟು ವರ್ಷದಿಂದ ಆ ಆಫೀಸಿಗೆ ಅರ್ಜಿ ಬರೆಯುತ್ತಿದ್ದೇನೆ, ಒಳಗೆ ಹೋದದ್ದು ನಾಲ್ಕೇ ಸಲ. ಯಾವಾಗಲೂ ಯಾರೋ ಕೆಳಗೆ ಬಂದು ಕಾಗದ ತೆಗೆದುಕೊಂಡು ಹೋಗುತ್ತಾರೆ. ಅದನ್ನು ಅವರ ಒಳ್ಳೆಯತನ ಅಂದುಕೊಂಡಿದ್ದೆ.

ಬೈತಖೋಲದ ತಮ್ಮನಿಗೆ: ಬೇಜಾರೇನಿಲ್ಲ. ನೀನು ಕೇಳಿದ್ದು ನ್ಯಾಯವೇ. ನಿಜ ಹೇಳುತ್ತೇನೆ. ಮಳೆಗಾಲದಲ್ಲಿ ಆಚೆ ಹಾಲಕ್ಕಿ ಜನರ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಒಂದು ಕಾಲುಸಂಕ ಇದೆ. ಎರಡು ಅಡಕೆ ಮರ, ಮೇಲೆ ಹಗ್ಗ. ಅದನ್ನು ನನಗೆ ದಾಟಲಾಗುವುದಿಲ್ಲ. ಉಪ್ಪುನೀರು ಬರುವ ಗಜನಿ ಗದ್ದೆಯ ಕಟ್ಟೆ ಒಡೆದರೆ ಕೆಸರಿನಲ್ಲಿ ಇಳಿದು ನೋಡಲಾಗುವುದಿಲ್ಲ. ಕೋಲು ಹೂತು ಹೋಗುತ್ತದೆ. ಬೇರೆ ಎಲ್ಲ ಕಡೆ ಸ್ಕೂಟರ್ ಹೋಗುತ್ತದೆ. ಇಷ್ಟೇ ನನ್ನ ಮೆಡಿಕಲ್ ಸರ್ಟಿಫಿಕೇಟ್. ಆದರೆ ಒಂದು ಕೇಳುತ್ತೇನೆ. ಹಿಂದಿನ ಸದಸ್ಯರಿಗೆ ಎರಡೂ ಕಾಲು ಗಟ್ಟಿ ಇತ್ತು. ಅವರು ಆ ಸಂಕ ದಾಟುತ್ತಿದ್ದರು. ದಾಟಲು ಆಗುತ್ತಿದ್ದುದರಿಂದಲೇ ಅದು ಇವತ್ತಿಗೂ ಎರಡು ಅಡಕೆ ಮರವಾಗಿ ಉಳಿದಿದೆ, ಅಲ್ವಾ?

ರೂಸ್‌ವೆಲ್ಟ್ ವಿಷಯ ಓದುವಾಗ ನನಗೆ ಬೇರೆಯವರೊಬ್ಬರು ನೆನಪಾದರು. ನಾನು ಪಿಯುಸಿ ಮುಗಿಸಿ ಮನೆಯಲ್ಲಿದ್ದಾಗ ದೂರದರ್ಶನದಲ್ಲಿ ಜೈಪಾಲ್ ರೆಡ್ಡಿಯವರನ್ನು ತೋರಿಸುತ್ತಿದ್ದರು. ಗುಜ್ರಾಲ್ ಸರ್ಕಾರದಲ್ಲಿ ವಾರ್ತಾ ಮಂತ್ರಿ. ಅವರಿಗೂ ಚಿಕ್ಕಂದಿನಲ್ಲೇ ಪೋಲಿಯೊ. ಕಂಕುಳಲ್ಲಿ ಊರುಗೋಲು ಊರಿಕೊಂಡು ಬಂದು, ಮೈಕಿನ ಎದುರು ನಿಂತು, ಟಸ್ ಪುಸ್ ಅಂತ ಇಂಗ್ಲಿಷ್ ಮಾತಾಡಿ ಹೋಗುತ್ತಿದ್ದರು. ಹಿಂದೆ ಹಾಡಿಲ್ಲ, ಕೆಳಗೆ ಸಾಲಿಲ್ಲ. ಅಪ್ಪ ಬೀಡಿ ಸೇದುತ್ತಾ ನೋಡುತ್ತಿದ್ದರು. ಅವರು ನನ್ನ ಕಾಲಿನ ಬಗ್ಗೆ ಮಾತಾಡಿದ್ದೇ ಕಡಿಮೆ. ಅವತ್ತು ಒಂದೇ ಮಾತು ಹೇಳಿದರು. "ಆ ಕೋಲು ನಿನ್ನದಕ್ಕಿಂತ ಹಗುರ ಇರಬೇಕು. ಎಲ್ಲಿ ಸಿಗ್ತದೆ ಕೇಳಬೇಕು." ಮಂತ್ರಿ ಅನ್ನುವುದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ.

ಫೋಟೋ ತೀರ್ಮಾನ ಆಯಿತು. ಭಾನುವಾರ ಅಳಿಯನನ್ನೇ ಕರೆದುಕೊಂಡು ಕಾಲುಸಂಕದ ಈಚೆ ದಡಕ್ಕೆ ಹೋದೆ. ಸ್ಕೂಟರ್ ಮೇಲೆ ಕುಳಿತಿದ್ದೇನೆ, ಕೋಲು ಪಕ್ಕದಲ್ಲಿ ಸಿಕ್ಕಿಸಿದೆ, ಹಿಂದೆ ಸಂಕ ಕಾಣುತ್ತದೆ. ಮುಖ ಮಾತ್ರ ಬಿಸಿಲಿಗೆ ಗಂಟಿಕ್ಕಿದೆ. ಇನ್ನೊಂದು ತೆಗೆಯೋಣ ಮಾವ, ಸ್ವಲ್ಪ ನಗು ಅಂದ. ಸಾಕು ಅಂದೆ. ಕೆಳಗೆ ಬರೆಯಲು ಎರಡು ಸಾಲು ನಾನೇ ಮಾಡಿದೆ. "ಇಲ್ಲಿಂದ ಮುಂದೆ ನನಗೆ ಹೋಗಲಾಗುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಮಕ್ಕಳಿಗೂ, ಬಸುರಿಯರಿಗೂ ಕಷ್ಟ." ದೊಡ್ಡಣ್ಣ ಓದಿ ತಲೆ ಕೆರೆದುಕೊಂಡರು. "ಆಗೂದಿಲ್ಲ ಅಂತ ಬರೆದು ವೋಟು ಕೇಳಿದವರನ್ನು ನಾ ನೋಡಲಿಲ್ಲ ಮಾರಾಯಾ" ಅಂದರು. ಬೇಡ ಅನ್ನಲಿಲ್ಲ.

ಇವತ್ತು ಪ್ರಿಂಟಿಂಗ್ ಪ್ರೆಸ್ಸಿನಿಂದ ಪ್ರೂಫ್ ಬಂತು. ನೋಡಿದರೆ ಬರೀ ನನ್ನ ತಲೆ ಮತ್ತು ಭುಜ, ಸುತ್ತಲೂ ಹೂವಿನ ಬಾರ್ಡರ್. ಸ್ಕೂಟರಿಲ್ಲ, ಸಂಕವಿಲ್ಲ. ಫೋನ್ ಮಾಡಿ ಕೇಳಿದೆ. "ಡಿಸೈನ್ ಹಾಗೇ ಇರೂದು ಅಣ್ಣ, ಎಲ್ಲರಿಗೂ ಒಂದೇ" ಅಂದ. ಪೂರ್ತಿ ಫೋಟೋ ಹಾಕಿದರೆ ಹೊಸದಾಗಿ ಸೆಟ್ ಮಾಡಬೇಕು, 300 ರೂಪಾಯಿ ಜಾಸ್ತಿ ಅಂತೆ. ನಾನೂ ಝೆರಾಕ್ಸ್ ಅಂಗಡಿಯವ, 150ಕ್ಕೆ ಇಳಿಸಿದ್ದೇನೆ. ನಾಳೆ ಮಧ್ಯಾಹ್ನ ಕೊಡುತ್ತಾನಂತೆ.